ಹಳೇ ಲಯನೆಲ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹೊಸ ರೈಲು ಓಡಿಸೋದು ಹೇಗೆ

ಅಮೆರಿಕದ ಗ್ಯಾರೇಜ್ ಸೇಲ್‌ಗಳಲ್ಲಿ ಆಟಿಕೆ ರೈಲು ಮಾಡುವ ಲಯನೆಲ್ ಕಂಪನಿಯ ಹಳೇ ಝಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರ್ ಈಗಲೂ ಕಣ್ಣಿಗೆ ಬೀಳುತ್ತದೆ. ಕಪ್ಪು ಪೆಟ್ಟಿಗೆ, ಎರಡೂ ಬದಿಗೆ ವೇಗ ಹೆಚ್ಚು ಕಡಿಮೆ ಮಾಡುವ ದೊಡ್ಡ ಹಿಡಿ, ಎತ್ತಿದರೆ ಕೈ ಜಗ್ಗುವ ಭಾರ. 1948ರಿಂದ 1966ರವರೆಗೆ ಬಂದ ಮಾಲು. ಇದಕ್ಕೆ ಇವತ್ತಿನ ಓ ಗೇಜ್ (ಆಟಿಕೆ ರೈಲಿನ ಒಂದು ಅಳತೆ) ಎಂಜಿನ್ ಜೋಡಿಸಬಹುದಾ? ಧಾರಾಳವಾಗಿ. ಅದು ಕೊಡೋದು ಶುದ್ಧ ಸೈನ್ ವೇವ್ ಎಸಿ, ಹೊಸ ಸರ್ಕ್ಯೂಟ್ ಬೋರ್ಡ್‌ಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ತಲೆನೋವು ಏನಿದ್ದರೂ ಅದರ ಬ್ರೇಕರ್‌ನದು.

ಆ ಬ್ರೇಕರ್ ಬಿಸಿಯಾಗಿ ಬಾಗಿದ ಮೇಲಷ್ಟೇ ಕರೆಂಟ್ ಕಡಿಯುವ ಲೋಹದ ಪಟ್ಟಿ. ರೈಲು ಹಳಿ ತಪ್ಪಿ ಶಾರ್ಟ್ ಆದರೆ ಅದು ಎಚ್ಚರಗೊಳ್ಳಲು ಕೆಲವು ಸೆಕೆಂಡ್ ಬೇಕು. ಹಳೇ ಎಂಜಿನ್‌ನಲ್ಲಿ ದಪ್ಪ ತಂತಿಯ ಮೋಟಾರ್ ಬಿಟ್ಟರೆ ಸುಡುವಂಥದ್ದು ಜಾಸ್ತಿ ಇರಲಿಲ್ಲ, ತಡೆದುಕೊಳ್ಳುತ್ತಿತ್ತು. ಹೊಸದರಲ್ಲಿ ಸಣ್ಣ ಸಣ್ಣ ವೈರ್, ಚಿಪ್, ಸ್ಪೀಕರ್. ಅಷ್ಟರಲ್ಲಿ ಹೊಗೆ ಬಂದಿರುತ್ತದೆ, ಅದೂ ಚಿಮಣಿಯಿಂದಲ್ಲ.

ಮೊದಲು ಪ್ಲಗ್ ಕಿತ್ತು ವೈರ್ ನೋಡಿ. ಹಳೇ ರಬ್ಬರ್ ಬಗ್ಗಿಸಿದರೆ ಬಿರುಕು ಬಿಡುತ್ತದಾ, ಪುಡಿ ಉದುರುತ್ತದಾ? ಹಾಗಿದ್ದರೆ ಹೊಸ ವೈರ್ ಹಾಕಿಸದೆ ಮುಂದೆ ಹೋಗಲೇಬೇಡಿ. ಆಮೇಲೆ ಮೀಟರನ್ನು ಎಸಿಗೆ ಇಟ್ಟು ಎ (ಹಳಿಗೆ ಕರೆಂಟ್ ಹೋಗುವ ತಿರುಪು; ಬಿ, ಸಿ, ಡಿ ಕೂಡ ಹಾಗೆಯೇ) ಮತ್ತು ಯು (ಎಲ್ಲದರ ಕರೆಂಟೂ ವಾಪಸ್ ಬರುವ ತಿರುಪು) ನಡುವೆ ಅಳೆಯಿರಿ. ಹಿಡಿ ತಿರುಗಿಸಿದಂತೆ ಸುಮಾರು 6ರಿಂದ 20 ವೋಲ್ಟ್‌ವರೆಗೆ ನಯವಾಗಿ ಏರಬೇಕು. ಮಧ್ಯೆ ಮಧ್ಯೆ ಜಿಗಿದರೆ ಒಳಗಿನ ಕಾರ್ಬನ್ ರೋಲರ್ ಸವೆದಿದೆ ಅಂತ ಅರ್ಥ. ಮಾಡಿದ್ದು 115 ವೋಲ್ಟ್‌ಗೆ, ಈಗ ಅಲ್ಲಿನ ಮನೆಗಳಿಗೆ ಬರೋದು 120ರ ಆಸುಪಾಸು. ಹಾಗಾಗಿ 20ರ ಬದಲು 21 ಕಂಡರೆ ಗಾಬರಿ ಬೇಡ.

ಈಗ ಮುಖ್ಯ ಕೆಲಸ. ಈ ರೈಲಿನ ದಾರಿಗೆ ಮೂರು ಹಳಿ; ಎ ತಿರುಪಿನಿಂದ ನಡುವಿನ ಹಳಿಗೆ ಹೋಗುವ ವೈರ್‌ನಲ್ಲಿ ಒಂದು ಫ್ಯೂಸ್ ಹಾಕಿ. ಕಾರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸೇ ಸಾಕು, ಒಂದು ರೈಲಿಗೆ 5 ಅಥವಾ 7.5 ಆಂಪಿಯರ್. ಬಿ, ಸಿ, ಡಿ ಬಳಸುತ್ತಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಫ್ಯೂಸ್. ಯು ವೈರ್‌ಗೆ ಒಂದೇ ಒಂದು ಹಾಕಿ ಕೈ ತೊಳೆದುಕೊಳ್ಳಬೇಡಿ. ಒಳಗಿನ ಬ್ರೇಕರ್ ಇರೋದೂ ಆ ದಾರಿಯಲ್ಲೇ, ಆದ್ದರಿಂದಲೇ ಎ ಮತ್ತು ಡಿ ನಡುವೆ ಶಾರ್ಟ್ ಆದರೆ ಅದಕ್ಕೆ ಗೊತ್ತೇ ಆಗೋದಿಲ್ಲ.

ಫ್ಯೂಸ್ ಜಾಸ್ತಿ ಕರೆಂಟನ್ನು ತಡೆಯುತ್ತದೆ, ಆದರೆ ಚಕ್ರ ಕಿಡಿ ಹಾರಿಸಿದಾಗ ಕ್ಷಣಮಾತ್ರ ನೆಗೆಯುವ ವೋಲ್ಟೇಜನ್ನಲ್ಲ. ಅದಕ್ಕೆ ಟಿವಿಎಸ್ ಡಯೋಡ್ ಬೇಕು (ಬೈಕ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ!). 1.5ಕೆಇ36ಸಿಎ ಅಂತ ಕೇಳಿ, ಬೆಲೆ ಏನೂ ಇಲ್ಲ. ಕೊನೆಯ ‘ಸಿಎ’ ಮುಖ್ಯ, ಎಸಿಗೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವಂಥದ್ದೇ ಆಗಬೇಕು. ಒಂದು ಕಾಲು ನಡುವಿನ ಹಳಿಗೆ, ಇನ್ನೊಂದು ಹೊರಗಿನ ಹಳಿಗೆ, ಅಷ್ಟೇ.

ರಿಮೋಟ್‌ನಿಂದ ಓಡುವ ಲಯನ್‌ಚೀಫ್ ತರಹದ ಎಂಜಿನ್ ಆದರೆ ಮೀಟರ್ ನೋಡಿಕೊಂಡು ಹಿಡಿಯನ್ನು 18 ವೋಲ್ಟ್‌ಗೆ ತಂದು ಬಿಟ್ಟುಬಿಡಿ, ವೇಗ ರಿಮೋಟ್ ನೋಡಿಕೊಳ್ಳುತ್ತದೆ. ಹಿಡಿ ಮುಟ್ಟಿ ಆಡಿಸೋ ಚಪಲ ಇದ್ದೇ ಇರುತ್ತೆ, ತಡ್ಕೊಳ್ಳಿ.

ಸೀಟಿ ಹಿಡಿ ಎಳೆದರೆ ಗಂಟೆ ಬಾರಿಸುತ್ತಿದೆಯಾ? ಎಂಜಿನ್ ಕೆಟ್ಟಿಲ್ಲ. ಸೀಟಿಗಾಗಿ ಟ್ರಾನ್ಸ್‌ಫಾರ್ಮರ್ ಎಸಿ ಜೊತೆ ಸ್ವಲ್ಪ ಡಿಸಿ ಬೆರೆಸುತ್ತದೆ. ಹೊಸ ಎಂಜಿನ್‌ಗೆ ಅದು ಒಂದು ದಿಕ್ಕಿನಲ್ಲಿ ಬಂದರೆ ಸೀಟಿ, ಉಲ್ಟಾ ಬಂದರೆ ಗಂಟೆ. ಒಂದೇ ಸುತ್ತಿನ ಹಳಿಯಾದರೆ ಹಳಿಗೆ ಸೇರುವ ಕಡೆ ಎರಡು ವೈರ್ ಅದಲು ಬದಲು ಮಾಡಿ, ಸರಿಹೋಗುತ್ತದೆ. ಗಂಟೆಯೂ ಬೇಕಂದರೆ ಬೇರೆ ಬಟನ್ ಕೊಳ್ಳಬೇಕು.

ಇದನ್ನು ಸೂಟ್‌ಕೇಸ್‌ನಲ್ಲಿ ಊರಿಗೆ ತರೋ ಯೋಚನೆ ಇದ್ದರೆ: ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಿದರೆ ಅಲ್ಲೇ ಅದರ ಕಥೆ ಮುಗೀತು. ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಹಾಕಿದರೂ 60 ಹರ್ಟ್ಸ್‌ಗೆ ಮಾಡಿದ್ದು 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ. ನನ್ನ ಕೇಳಿದರೆ ರೈಲಷ್ಟೇ ತನ್ನಿ. ಲಯನ್‌ಚೀಫ್ ಎಂಜಿನ್ 18 ವೋಲ್ಟ್ ಡಿಸಿಯಲ್ಲೂ ಓಡುತ್ತದೆ, ಇಲ್ಲಿಯ ಒಳ್ಳೆ ಅಡಾಪ್ಟರ್ ಒಂದು ಸಾಕು.