ಅಜ್ಜಿಗೆ ಸಾಲದೇ ಹೋದ ಹತ್ತು ಸೆಕೆಂಡು

ನಗರ ಯೋಜನೆ ಪಾಠ ಹೇಳುವ ನಾನು ಬಹಳ ವರ್ಷ ಎಣಿಸಿದ್ದು ವಾಹನಗಳನ್ನೇ. ನಮ್ಮ ಸಮೀಕ್ಷೆಯಲ್ಲಿ ಕಾರು ಎಂದರೆ 1. ಬೈಕು, ಆಟೊ, ಬಸ್ಸಿಗೆಲ್ಲ ಅದಕ್ಕೆ ಹೋಲಿಸಿ ಒಂದೊಂದು ಬೆಲೆ. ನಡೆದು ಹೋಗುವವರಿಗೆ ನಮ್ಮ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿ ಓದಿದ ಮೇಲೆ ಆ ನಮೂನೆ ಕೈಯಲ್ಲಿ ಹಿಡಿಯಲು ಮನಸ್ಸಾಗಲಿಲ್ಲ. ಟೇಪು, ಸ್ಟಾಪ್‌ವಾಚ್ ತೆಗೆದುಕೊಂಡು ವಿದ್ಯಾರ್ಥಿಗಳ ಜೊತೆ ಜಯನಗರದ ಒಂದು ಸಿಗ್ನಲ್ಲಿನಲ್ಲಿ ನಿಂತೆ.

ರಸ್ತೆ 14 ಮೀಟರ್ ಅಗಲ. ದಾಟುವವರಿಗೆ ಹಸಿರು ದೀಪ 12 ಸೆಕೆಂಡು. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿಯುವುದು ನಮ್ಮಲ್ಲಿ ವಾಡಿಕೆ. ಆ ಲೆಕ್ಕಕ್ಕೆ 12 ಸರಿಯಾಗಿಯೇ ಇದೆ. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಬಂದರು. ಹಸಿರು ಬಿದ್ದ ಮೇಲೂ ನಾಲ್ಕು ಸೆಕೆಂಡು ಕದಲಲಿಲ್ಲ. ರಸ್ತೆಯ ನಡು ತಲುಪುವ ಹೊತ್ತಿಗೆ ಕೆಂಪು ಬಂತು. ಮಿಕ್ಕ ಅರ್ಧವನ್ನು ವಾಹನಗಳ ಕಡೆ ಅಂಗೈ ತೋರಿಸುತ್ತಲೇ ದಾಟಿದರು. ಗಡಿಯಾರ ನೋಡಿದೆ: 22.

“ಅಮ್ಮಾ, ಹಸಿರು ಬಂದ ಕೂಡಲೇ ಯಾಕೆ ಹೊರಡಲಿಲ್ಲ?”

“ದೀಪ ಬಂದ್ರೆ ಆಯ್ತೇನಪ್ಪಾ? ಬೈಕಿನೋರು ನಿಲ್ಬೇಕಲ್ಲ. ಅವ್ರು ನಿಂತದ್ದು ನೋಡ್ಕೊಂಡೇ ನಾನು ಕಾಲಿಡೋದು.”

ನನ್ನ ಸೂತ್ರದಲ್ಲಿ ಆ ನಾಲ್ಕು ಸೆಕೆಂಡು ಇರಲೇ ಇಲ್ಲ. ಅಜ್ಜಿಯ ನಡಿಗೆಯೂ ಇರಲಿಲ್ಲ.

ಫುಟ್‌ಪಾತಿನದೂ ಇದೇ ಕಥೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕು ಎನ್ನುತ್ತದೆ. ಗೋಡೆಯಿಂದ ಅಂಚುಕಲ್ಲಿನವರೆಗೆ ಟೇಪು ಹಿಡಿದರೆ ಅಷ್ಟೂ ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಇದ್ದಲ್ಲಿ ಉಳಿದದ್ದು 60 ಸೆಂಟಿಮೀಟರ್, ಇಬ್ಬರು ಎದುರುಬದುರಾದರೆ ಒಬ್ಬರು ರಸ್ತೆಗೆ ಇಳಿಯಲೇಬೇಕು. ಜೊತೆಗೆ ಮನೆ ಮನೆ ಗೇಟಿನ ಮುಂದೂ ಇಳಿದು ಹತ್ತಬೇಕು. ಮಂಡಿ ನೋವಿದ್ದವರು ಹಾಗೆ ಎಷ್ಟು ಸಲ ಹತ್ತಿಯಾರು? ಜನಕ್ಕೆ ಶಿಸ್ತಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ ಎಂದು ಹಿಂದೆ ನಾನೂ ತರಗತಿಯಲ್ಲಿ ಹೇಳಿದ್ದೇನೆ. ಆ ಮಾತು ತಪ್ಪು.

ಹಸಿರು ದೀಪವನ್ನು 22 ಸೆಕೆಂಡಿಗೆ ಏರಿಸಿ ಎಂದು ಸಂಬಂಧಪಟ್ಟ ಕಚೇರಿಗೆ ವರದಿ ಕೊಟ್ಟೆವು. ವಾಹನಗಳ ಸಾಲು ಬೆಳೆಯುತ್ತದೆ ಎಂದರು. ಬಸ್ಸು, ಮೆಟ್ರೊ ಹತ್ತುವವರೂ ಮೊದಲು ನಡೆದೇ ಬರಬೇಕು. ದಾಟಲು ಹೆದರಿದವರು ನಾಳೆ ಸ್ಕೂಟರ್ ಕೊಳ್ಳುತ್ತಾರೆ, ಸಾಲು ಆಗಲೂ ಬೆಳೆಯುತ್ತದೆ ಎಂದು ಮತ್ತೆ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಈ ವರ್ಷದ ನಮೂನೆಯಲ್ಲಿ ಮೊದಲ ಕಾಲಮ್ಮು ನಡೆಯುವವರದು. ಅದರ ಪಕ್ಕದಲ್ಲೇ ಇನ್ನೊಂದು: ಹಸಿರು ಬಿದ್ದ ಮೇಲೆ ಎಷ್ಟು ಸೆಕೆಂಡು ಕಾದರು.