ವಿಪಿಎನ್ ಹಾಕುವ ಮುಂಚೆ ಅದರ ಮಾಲೀಕ ಯಾರು ಕೇಳಿ

ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೀಡಿಂಗ್ ರೂಮಿಗೆ ಹೋಗಿ ನೋಡಿ. ಅಷ್ಟೂ ಜನಕ್ಕೆ ಒಂದೇ ವೈಫೈ, ಪಾಸ್‌ವರ್ಡ್ ಗೋಡೆಗೆ ಅಂಟಿಸಿರುತ್ತಾರೆ. ಬಾಗಲಕೋಟೆ ನವನಗರದ ಪಿಜಿಗಳಲ್ಲೂ ಅದೇ ಕತೆ. ‘ವಿಪಿಎನ್ ಹಾಕ್ಕೊಳ್ರಿ, ಸೇಫ್ ಇರ್ತದ’ ಅಂತ ಯಾರಾದರೂ ಅಂದರೆ ಸಾಕು, ಪ್ಲೇ ಸ್ಟೋರ್‌ನಲ್ಲಿ ‘ಫ್ರೀ ವಿಪಿಎನ್’ ಅಂತ ಹುಡುಕಿ ಮೇಲಿನ ಮೊದಲನೆಯದನ್ನೇ ಒತ್ತುತ್ತಾರೆ. ಸ್ಟಾರ್ ಚೆನ್ನಾಗಿದೆ, ಕೋಟಿಗಟ್ಟಲೆ ಡೌನ್‌ಲೋಡ್ ಆಗಿದೆ, ಇನ್ನೇನು ಬೇಕು?

ಎಡವುವುದು ಅಲ್ಲೇ. ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನೆಲ್ಲ ಮುಚ್ಚಿ ತನ್ನ ಸರ್ವರ್ ಮೂಲಕ ಕಳಿಸುವ ಸೇವೆ. ಇಷ್ಟು ದಿನ ವೈಫೈ ಮಾಲೀಕನಿಗೂ ಇಂಟರ್ನೆಟ್ ಕಂಪನಿಗೂ ಕಾಣುತ್ತಿದ್ದದ್ದು ಇನ್ನು ಮೇಲೆ ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಮನೆಯ ಕೀಲಿಕೈಯನ್ನು ಪಕ್ಕದ ಮನೆಯವರಿಂದ ಇಸಿದುಕೊಂಡು ಗುರುತಿಲ್ಲದವನ ಕೈಗೆ ಕೊಟ್ಟಂತೆ. ಹಾಗಾಗಿ ಆ್ಯಪ್ ಹೇಗಿದೆ ಅನ್ನುವುದಕ್ಕಿಂತ ಅದರ ಹಿಂದೆ ಯಾರಿದ್ದಾರೆ ಅನ್ನುವುದನ್ನೇ ಮೊದಲು ನೋಡಬೇಕು.

ಹೆಜ್ಜೆ 1: ನಿಜಕ್ಕೂ ಬೇಕೇ?

ಬ್ಯಾಂಕ್ ಪಾಸ್‌ವರ್ಡ್ ಕಾಪಾಡಲಿಕ್ಕೆ ಮಾತ್ರ ಬೇಕು ಅಂದರೆ ಬೇಡ. ಬ್ರೌಸರ್‌ನ ಎಚ್‌ಟಿಟಿಪಿಎಸ್ (ನಿಮಗೂ ಸೈಟಿಗೂ ನಡುವೆ ಹೋಗುವುದನ್ನು ಗುಟ್ಟಾಗಿಡುವ ವ್ಯವಸ್ಥೆ) ಆ ಕೆಲಸವನ್ನು ಆಗಲೇ ಮಾಡುತ್ತಿದೆ. ನೀವು ಯಾವ ಸೈಟಿಗೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದು ವೈಫೈನವನಿಗೆ ಗೊತ್ತಾಗಬಹುದು. ಒಳಗೆ ಏನು ಟೈಪ್ ಮಾಡಿದಿರಿ ಎಂಬುದು ಗೊತ್ತಾಗುವುದಿಲ್ಲ. ಆ ಮೊದಲನೆಯದನ್ನು ಮುಚ್ಚಲಿಕ್ಕೆ ವಿಪಿಎನ್ ಬೇಕು. ಒಟಿಪಿ ಕೇಳುವ ಕಳ್ಳರನ್ನು ಅದು ತಡೆಯುವುದಿಲ್ಲ. ಗೂಗಲ್‌ಗೆ ಲಾಗಿನ್ ಆಗಿದ್ದರೆ ಗೂಗಲ್‌ಗೆ ನೀವು ಯಾರು ಅಂತ ಗೊತ್ತೇ ಇರುತ್ತದೆ.

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯವರು ಆಫೀಸಿನ ಡ್ರಾಯಿಂಗ್ ಫೈಲು ಮನೆಯಿಂದ ತೆಗೆಯಬೇಕು ಅಂತ ಇಂಥ ಸೇವೆಗೆ ದುಡ್ಡು ಕಟ್ಟುವುದೂ ಉಂಟು. ಅದು ದಂಡ. ಅವರಿಗೆ ಬೇಕಾದ್ದು ತಮ್ಮದೇ ರೂಟರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ವ್ಯವಸ್ಥೆ. ಇಂಟರ್ನೆಟ್ ಕಂಪನಿಯಿಂದ ಒಂದು ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ) ಕೇಳಿ ಪಡೆದರೆ ಸಾಕು.

ಹೆಜ್ಜೆ 2: ಪುಕ್ಕಟೆಯವನ್ನು ಪಟ್ಟಿಯಿಂದ ತೆಗೆಯಿರಿ

ಸರ್ವರ್‌ಗೆ ಬಾಡಿಗೆ ಇದೆ, ಬ್ಯಾಂಡ್‌ವಿಡ್ತ್‌ಗೆ ಬಿಲ್ ಇದೆ. ಗಿರಾಕಿ ಕೊಡದಿದ್ದರೆ ಬೇರೆ ಯಾರೋ ಕೊಡುತ್ತಿರುತ್ತಾರೆ. ಹೋಲಾ ಎಂಬ ಪುಕ್ಕಟೆ ಸೇವೆ ತನ್ನ ಬಳಕೆದಾರರ ಇಂಟರ್ನೆಟ್ಟನ್ನೇ ಬೇರೆಯವರಿಗೆ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. 2020ರಲ್ಲಿ ‘ಲಾಗ್ ಇಡುವುದಿಲ್ಲ’ (ಬಳಕೆಯ ದಾಖಲೆ ಇಡುವುದಿಲ್ಲ) ಎನ್ನುತ್ತಿದ್ದ ಹಾಂಗ್‌ಕಾಂಗ್‌ನ ಯುಎಫ್‌ಒ ವಿಪಿಎನ್‌ನ ಲಾಗ್‌ಗಳೇ ಬೀಗವಿಲ್ಲದ ಸರ್ವರ್‌ನಲ್ಲಿ ಬಿದ್ದಿದ್ದವು. 2024ರ ಮೇ ತಿಂಗಳಲ್ಲಿ ಅಮೆರಿಕ ಮುಚ್ಚಿಸಿದ 911 ಎಸ್5 ಜಾಲ ಇನ್ನೂ ಭಯಂಕರ: ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್‌ನಂಥ ಪುಕ್ಕಟೆ ಪ್ರೋಗ್ರಾಂಗಳ ಮೂಲಕ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳನ್ನು ಕಳ್ಳರಿಗೆ ಬಾಡಿಗೆಗೆ ಕೊಟ್ಟಿತ್ತು. ಅಂದರೆ ಯಾರೋ ಮಾಡಿದ ವಂಚನೆಯ ಜಾಡು ನಿಮ್ಮ ಮನೆಯ ಕನೆಕ್ಷನ್‌ಗೆ ಬಂದು ನಿಲ್ಲುತ್ತದೆ.

ದುಡ್ಡು ಕೊಡುವುದು ಆಗುವುದೇ ಇಲ್ಲ ಎನ್ನುವವರಿಗೆ ಪ್ರೋಟಾನ್ ವಿಪಿಎನ್‌ನ ಉಚಿತ ಯೋಜನೆ ಇದೆ. ಡೇಟಾ ಮಿತಿಯಿಲ್ಲ, ಜಾಹೀರಾತಿಲ್ಲ. ಒಂದೇ ಸಾಧನ, ದೇಶದ ಆಯ್ಕೆ ನಿಮ್ಮ ಕೈಲಿಲ್ಲ. ದುಡ್ಡು ಕೊಡುವ ಗಿರಾಕಿಗಳಿಂದ ಅದರ ಖರ್ಚು ನಡೆಯುತ್ತದೆ, ಲೆಕ್ಕ ಕಣ್ಣಿಗೆ ಕಾಣುತ್ತದೆ. ಟೆಲಿಗ್ರಾಂನಲ್ಲಿ ಓಡಾಡುವ ‘ಪ್ರೀಮಿಯಂ ಮಾಡ್’ ಎಪಿಕೆಗಳನ್ನಂತೂ (ಯಾರೋ ತಿದ್ದಿ ಹಂಚುವ ಆ್ಯಪ್ ಫೈಲುಗಳು) ಮುಟ್ಟಲೇಬೇಡಿ. ‘ಲೈಫ್‌ಟೈಮ್’ ಯೋಜನೆಯೂ ಬೇಡ. 2025ರಲ್ಲಿ ವಿಪಿಎನ್‌ಸೆಕ್ಯೂರ್‌ನ ಹೊಸ ಮಾಲೀಕರು ಹಳೆಯ ಲೈಫ್‌ಟೈಮ್ ಖಾತೆಗಳನ್ನೆಲ್ಲ ರದ್ದು ಮಾಡಿದರು. ಆ ಲೈಫ್ ಕಂಪನಿಯದು, ಗಿರಾಕಿಯದಲ್ಲ.

ಹೆಜ್ಜೆ 3: ಮಾಲೀಕ, ಆಮೇಲೆ ಲಾಗ್

‘ಟಾಪ್ ಟೆನ್ ವಿಪಿಎನ್’ ಪಟ್ಟಿ ನೋಡಿ ಆರಿಸುವವರು ಒಂದು ವಿಷಯ ತಿಳಿದಿರಲಿ. ಎಕ್ಸ್‌ಪ್ರೆಸ್‌ವಿಪಿಎನ್, ಸೈಬರ್‌ಗೋಸ್ಟ್, ಪ್ರೈವೇಟ್ ಇಂಟರ್ನೆಟ್ ಆ್ಯಕ್ಸೆಸ್ ಮೂರೂ ಕೇಪ್ ಟೆಕ್ನಾಲಜೀಸ್ ಎಂಬ ಒಂದೇ ಮನೆಯ ಮಕ್ಕಳು. ವಿಪಿಎನ್‌ಗಳಿಗೆ ಅಂಕ ಕೊಡುವ ವಿಪಿಎನ್‌ಮೆಂಟರ್ ಸೈಟನ್ನೂ 2021ರಲ್ಲಿ ಅದೇ ಮನೆಯವರು ಕೊಂಡರು. ಇದರಿಂದ ಸೇವೆ ಕೆಟ್ಟದ್ದು ಅಂತಾಗುವುದಿಲ್ಲ. ಆದರೆ ವರನ ಅಪ್ಪನೇ ವರನ ಗುಣ ಹೇಳುವಾಗ ಎಷ್ಟು ನಂಬುತ್ತೀರೋ ಅಷ್ಟೇ ನಂಬಿ.

ಪ್ಲೇ ಸ್ಟೋರ್ ಪುಟದ ಕೆಳಗೆ ಡೆವಲಪರ್ ವಿವರ ತೆರೆದರೆ ಕಂಪನಿಯ ಹೆಸರು, ವಿಳಾಸ ಸಿಗುತ್ತದೆ. ಅದೇ ಹೆಸರು ಅವರ ವೆಬ್‌ಸೈಟಿನ ಷರತ್ತುಗಳ ಪುಟದಲ್ಲೂ ಇರಬೇಕು. ಎರಡೂ ತಾಳೆಯಾಗದಿದ್ದರೆ, ನಡೆಸುವವರ ಒಂದು ಹೆಸರೂ ಎಲ್ಲೂ ಸಿಗದಿದ್ದರೆ, ಅಲ್ಲಿಗೆ ಬಿಡಿ.

ಇನ್ನು ಪ್ರೈವಸಿ ಪಾಲಿಸಿ. ಇದನ್ನು ಓದದೇ ಇರುವುದೇ ದೊಡ್ಡ ತಪ್ಪು. ಪೂರ್ತಿ ಓದಲು ಹೋಗಿ ಸುಸ್ತಾಗಿ ಬಿಡುವುದು ಎರಡನೆಯ ತಪ್ಪು. ಕಂಪ್ಯೂಟರ್‌ನಲ್ಲಿ ಪುಟ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿ, ಐದು ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹುಡುಕಿ: ಟೈಮ್‌ಸ್ಟ್ಯಾಂಪ್ (timestamp), ಐಪಿ ಅಡ್ರೆಸ್ (IP address), ರಿಟೇನ್ (retain), ಅಫಿಲಿಯೇಟ್ (affiliate), ಥರ್ಡ್ ಪಾರ್ಟಿ (third party). ಸಿಕ್ಕ ಸಾಲುಗಳನ್ನು ಮಾತ್ರ ಓದಿ.

ಮೋಸ ಎಲ್ಲಿರುತ್ತದೆ ಅಂದರೆ, ಲಾಗ್ ಎರಡು ಥರ. ನೀವು ಯಾವ ಸೈಟಿಗೆ ಹೋದಿರಿ ಎಂಬುದು ಒಂದು. ಯಾವ ಐಪಿಯಿಂದ, ಎಷ್ಟು ಗಂಟೆಗೆ ಕನೆಕ್ಟ್ ಆದಿರಿ, ನಿಮಗೆ ಯಾವ ಐಪಿ ಕೊಟ್ಟರು ಎಂಬುದು ಇನ್ನೊಂದು. ಮೊದಲನೆಯದನ್ನು ಇಡುವುದಿಲ್ಲ ಅಂತ ದಪ್ಪಕ್ಷರದಲ್ಲಿ ಬರೆದು, ಎರಡನೆಯದನ್ನು ಇಡುತ್ತೇವೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಎರಡನೆಯದೊಂದೇ ಸಾಕು ನಿಮ್ಮನ್ನು ಹಿಡಿಯಲಿಕ್ಕೆ. ರಾತ್ರಿ 10.42ಕ್ಕೆ ಈ ಐಪಿಯಿಂದ ಒಬ್ಬರು ಬಂದಿದ್ದರು ಅಂತ ವೆಬ್‌ಸೈಟಿನ ದಾಖಲೆ ಹೇಳುತ್ತದೆ. 10.42ಕ್ಕೆ ಆ ಐಪಿ ಯಾರ ಬಳಿ ಇತ್ತು ಅಂತ ವಿಪಿಎನ್‌ನ ದಾಖಲೆ ಹೇಳುತ್ತದೆ. ಎರಡು ಚೀಟಿ ಪಕ್ಕಪಕ್ಕ ಇಟ್ಟರೆ ಮುಗಿಯಿತು. 2017ರಲ್ಲಿ ಪ್ಯೂರ್‌ವಿಪಿಎನ್ ಕೊಟ್ಟ ಇಂಥದೇ ದಾಖಲೆ ಅಮೆರಿಕದ ಎಫ್‌ಬಿಐಗೆ ಒಬ್ಬ ಆರೋಪಿಯನ್ನು ಹಿಡಿಯಲು ನೆರವಾಯಿತು. ಅಲ್ಲಿ ಸಿಕ್ಕವನು ಕಿರುಕುಳ ಕೊಡುವವನು, ಸಿಕ್ಕಿದ್ದು ಒಳ್ಳೆಯದೇ ಆಯಿತು. ಲಾಗ್ ಇಲ್ಲ ಎಂಬ ಮಾತು ಮಾತ್ರ ಸುಳ್ಳಾಗಿತ್ತು.

ಮಾತಿಗಿಂತ ಪರೀಕ್ಷೆಗೆ ಒಳಗಾದ ಕಂಪನಿಗಳನ್ನು ನಂಬಿ. 2023ರ ಏಪ್ರಿಲ್ 18ರಂದು ಸ್ವೀಡನ್ ಪೊಲೀಸರು ಮುಲ್‌ವಾಡ್ ಎಂಬ ವಿಪಿಎನ್ ಕಂಪನಿಯ ಗೋಥೆನ್‌ಬರ್ಗ್ ಕಚೇರಿಗೆ ಶೋಧದ ಆದೇಶ ಹಿಡಿದು ಬಂದು ಬರಿಗೈಲಿ ಹೋದರು. ಕೊಡಲು ಗಿರಾಕಿಗಳ ದಾಖಲೆಯೇ ಇರಲಿಲ್ಲ. ಎಕ್ಸ್‌ಪ್ರೆಸ್‌ವಿಪಿಎನ್‌ನ ಸರ್ವರನ್ನು ಟರ್ಕಿ ವಶಪಡಿಸಿಕೊಂಡಾಗಲೂ ಏನೂ ಸಿಕ್ಕಿರಲಿಲ್ಲ. ಆಡಿಟ್ ವರದಿ ಇದೆ ಅಂದರೆ ಮೂರು ನೋಡಿ: ಯಾರು ಮಾಡಿದ್ದು, ಯಾವ ವರ್ಷ, ಪರೀಕ್ಷಿಸಿದ್ದು ಆ್ಯಪನ್ನೋ ಸರ್ವರನ್ನೋ. ಆ್ಯಪ್ ಆಡಿಟ್ ತೋರಿಸಿ ಲಾಗ್ ಇಲ್ಲ ಅನ್ನುವುದು, ಆರ್‌ಸಿ ತೋರಿಸಿ ಲೈಸೆನ್ಸ್ ಇದೆ ಅಂದಂತೆ.

ನಮ್ಮ ದೇಶದ ನಿಯಮವೂ ಗೊತ್ತಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ವಿಪಿಎನ್ ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಡಬೇಕು. ಕಚೇರಿಗಳ ಒಳಬಳಕೆಯ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲ. ಎಕ್ಸ್‌ಪ್ರೆಸ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ಎತ್ತಿಕೊಂಡು ಹೋದವು. ಈಗ ಅವರ ಆ್ಯಪ್‌ನಲ್ಲಿ ‘ಇಂಡಿಯಾ’ ಅಂತ ಕಂಡರೂ ಯಂತ್ರ ಸಿಂಗಪುರದಲ್ಲೋ ಇನ್ನೆಲ್ಲೋ ಇರುತ್ತದೆ. ಭಾರತದಲ್ಲೇ ನಿಜವಾದ ಸರ್ವರ್ ಇದೆ ಅಂತ ಕೊಚ್ಚಿಕೊಳ್ಳುವ ಕಂಪನಿಯನ್ನು ಗೋಪ್ಯತೆಗಾಗಿ ಆರಿಸಬೇಡಿ. ವಿಪಿಎನ್ ಬಳಸುವುದೇ ಅಪರಾಧ ಎಂಬ ದೇಶವ್ಯಾಪಿ ಕಾನೂನಿಲ್ಲ. ಅದರೊಳಗೆ ಮಾಡಿದ ಅಪರಾಧ ಅಪರಾಧವೇ.

ಹೆಜ್ಜೆ 4: ಒಂದೇ ತಿಂಗಳಿಗೆ ದುಡ್ಡು ಕಟ್ಟಿ

ಎರಡು ವರ್ಷದ ಯೋಜನೆ ಅಗ್ಗ ಕಾಣುತ್ತದೆ, ನವೀಕರಣದ ದರ ಬೇರೆಯೇ ಇರುತ್ತದೆ. ಮುಲ್‌ವಾಡ್‌ನದು 2009ರಿಂದ ತಿಂಗಳಿಗೆ 5 ಯೂರೋ. ಇಮೇಲ್ ಕೂಡ ಕೇಳುವುದಿಲ್ಲ, 16 ಅಂಕಿಯ ಖಾತೆ ಸಂಖ್ಯೆಯೊಂದೇ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಆನ್‌ಲೈನ್ ಪಾವತಿಯನ್ನು ಆನ್ ಮಾಡಿ, ಕಟ್ಟಿದ ಮೇಲೆ ಆಫ್ ಮಾಡಿ.

ಹೆಜ್ಜೆ 5: ಹಾಕಿಕೊಳ್ಳಿ

ಕಂಪನಿಯ ಸೈಟಿನಲ್ಲಿರುವ ಲಿಂಕ್‌ನಿಂದಲೇ ಹೋಗಿ. ಪ್ರೋಟೋಕಾಲ್ (ಸಂಪರ್ಕದ ವಿಧಾನ) ಕೇಳಿದರೆ ವೈರ್‌ಗಾರ್ಡ್. ಪಿಪಿಟಿಪಿ ಎಂಬ ಹಳೆಯ, ಭದ್ರವಲ್ಲದ ವಿಧಾನ ಕಂಡರೆ ಆ್ಯಪನ್ನೇ ತೆಗೆಯಿರಿ.

ಹೆಜ್ಜೆ 6: ಸೋರುತ್ತದೆಯೇ ನೋಡಿ

ಪರದೆಯ ಮೇಲೆ ಕೀಲಿಯ ಗುರುತು ಬಂದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಆಗಿರುವುದಿಲ್ಲ. ಮೊದಲು ವಿಪಿಎನ್ ಆಫ್ ಇಟ್ಟು ಐಪಿಲೀಕ್ ಡಾಟ್ ನೆಟ್ (ipleak.net) ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಆನ್ ಮಾಡಿ ಅದೇ ಪುಟ ಮತ್ತೆ ತೆರೆಯಿರಿ. ಎರಡನೆಯ ಪುಟದಲ್ಲಿ ಮೊದಲಿನ ಐಪಿಯಾಗಲೀ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರಾಗಲೀ ಎಲ್ಲೂ ಇರಬಾರದು. ಐಪಿವಿ6 (ಐಪಿ ವಿಳಾಸದ ಹೊಸ ಮಾದರಿ, ಹಳೆಯದು ಐಪಿವಿ4) ಸಾಲನ್ನು ಮರೆಯದೇ ನೋಡಿ. ಜಿಯೋ ಸಿಮ್‌ನಲ್ಲಿ ಬಹುಪಾಲು ಸಂಚಾರ ಐಪಿವಿ6ನಲ್ಲೇ ಹೋಗುತ್ತದೆ. ಐಪಿವಿ4 ಮಾತ್ರ ಮುಚ್ಚುವ ಅರೆಬರೆ ವಿಪಿಎನ್‌ನಲ್ಲಿ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಹಾಗೆ ಕಂಡರೆ ರೀಫಂಡ್ ಕೇಳಿ. ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸಾಲಿನಲ್ಲಿ ಗೂಗಲ್ ಅಥವಾ ಕ್ಲೌಡ್‌ಫ್ಲೇರ್ ಬಂದರೆ ಫೋನಿನ ‘ಪ್ರೈವೇಟ್ ಡಿಎನ್‌ಎಸ್’ ನೋಡಿ. ಹಿಂದೆ ಯಾವಾಗಲೋ ಹೆಸರು ಹಾಕಿರುತ್ತೀರಿ. ‘ಆಟೋಮ್ಯಾಟಿಕ್’ ಮಾಡಿ ಮತ್ತೆ ಪರೀಕ್ಷಿಸಿ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವಿಪಿಎನ್ ಪಟ್ಟಿಯಲ್ಲಿ ಹೆಸರಿನ ಪಕ್ಕದ ಹಲ್ಲುಗಾಲಿ ಒತ್ತಿ ‘ಆಲ್ವೇಸ್-ಆನ್’ ಮತ್ತು ‘ವಿಪಿಎನ್ ಇಲ್ಲದ ಕನೆಕ್ಷನ್ ತಡೆ’ ಎರಡನ್ನೂ ಆನ್ ಮಾಡಿ. ನಂತರ ಆ್ಯಪ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿ ಬ್ರೌಸರ್ ತೆರೆಯಿರಿ. ಏನೂ ತೆರೆಯಬಾರದು. ತೆರೆದರೆ ತಡೆ ಕೆಲಸ ಮಾಡುತ್ತಿಲ್ಲ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡದಿದ್ದರೆ ಕೆಲವು ಫೋನುಗಳು ಪರದೆ ಆರಿದ ಸ್ವಲ್ಪ ಹೊತ್ತಿಗೆ ಅದನ್ನು ಕೊಂದುಹಾಕುತ್ತವೆ.

ಇಲ್ಲೊಂದು ತೊಡಕು. ಕೆಲವು ಬ್ಯಾಂಕ್, ಯುಪಿಐ ಆ್ಯಪ್‌ಗಳು ವಿಪಿಎನ್ ಇದ್ದರೆ ತಕರಾರು ಮಾಡುತ್ತವೆ. ಅವನ್ನು ಹೊರಗಿಡಲು ‘ಸ್ಪ್ಲಿಟ್ ಟನೆಲಿಂಗ್’ ಇದೆ. ಆದರೆ ಮೇಲಿನ ತಡೆ ಆನ್ ಇದ್ದರೆ ಹೊರಗಿಟ್ಟ ಆ್ಯಪ್‌ಗೆ ನೆಟ್ಟೇ ಸಿಗುವುದಿಲ್ಲ. ಕಿರಾಣಿ ಅಂಗಡಿಯ ಮುಂದೆ ಕ್ಯೂಆರ್ ಹಿಡಿದು ನಿಂತು ಪರದಾಡುವುದು ಇದಕ್ಕೇ. ದಿನಾ ಯುಪಿಐ ಬಳಸುವವರು ‘ಆಲ್ವೇಸ್-ಆನ್’ ಇಟ್ಟುಕೊಂಡು ತಡೆಯನ್ನು ಆಫ್ ಮಾಡುವುದೇ ಮೇಲು. ಮನೆಯ ಫೈಬರ್‌ನಲ್ಲಿ ಚಾಟ್ ಹೋಗುತ್ತದೆ, ಫೋಟೋ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ ಅಂದರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಣುಕಿನ ಗರಿಷ್ಠ ಗಾತ್ರ) ಹೆಚ್ಚಾಗಿರಬಹುದು. ಆ್ಯಪ್‌ನಲ್ಲಿ 1280ಕ್ಕೆ ಇಳಿಸಿ ನೋಡಿ.

ಇಷ್ಟಾದ ಮೇಲೆ ಹಳೆಯ ಪುಕ್ಕಟೆ ಆ್ಯಪ್‌ಗಳ ಲೆಕ್ಕ ಚುಕ್ತಾ ಮಾಡಿ. ವಿಪಿಎನ್ ಪಟ್ಟಿಯಲ್ಲಿ ಬಿದ್ದಿರುವ ಮೂರು ನಾಲ್ಕು ಹೆಸರುಗಳನ್ನು ಒಂದೊಂದಾಗಿ ‘ಫರ್ಗೆಟ್’ ಮಾಡಿ, ಆ್ಯಪ್ ಅಳಿಸಿ. ಕೊನೆಗೆ ಸೆಕ್ಯೂರಿಟಿ ಸೆಟ್ಟಿಂಗ್‌ನಲ್ಲಿ ‘ಟ್ರಸ್ಟೆಡ್ ಕ್ರೆಡೆನ್ಶಿಯಲ್ಸ್’ ತೆರೆದು ‘ಯೂಸರ್’ ವಿಭಾಗ ನೋಡಿ. ಆಫೀಸಿನವರು ಹಾಕಿಸಿದ್ದು ಬಿಟ್ಟು ಬೇರೇನೂ ಅಲ್ಲಿರಬಾರದು. ಗುರುತಿಲ್ಲದ ಸರ್ಟಿಫಿಕೇಟ್ ಇದ್ದರೆ ಎಚ್‌ಟಿಟಿಪಿಎಸ್ ಮುಚ್ಚಿದ್ದನ್ನೂ ಬೇರೆಯವರು ಓದಬಹುದು; ಅದನ್ನು ತೆಗೆದುಹಾಕಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಅವತ್ತೇ ಬದಲಿಸಿ.