ಆ್ಯಂಟಿವೈರಸ್ ಕೊಳ್ಳುವ ಮುನ್ನ ಪೆನ್‌ಡ್ರೈವ್ ನೋಡಿ

ಹೊಲದ ಉತಾರ, ಮಕ್ಕಳ ಅಂಕಪಟ್ಟಿ, ಕಾಲೇಜಿನ ಪ್ರಾಜೆಕ್ಟು, ಏನೇ ಪ್ರಿಂಟ್ ಬೇಕಿದ್ದರೂ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಝೆರಾಕ್ಸ್ ಅಂಗಡಿಗೆ ಹೋಗುವುದು ನಮ್ಮ ಕಡೆಯ ರೂಢಿ. ಊರಿನವರೆಲ್ಲರ ಪೆನ್‌ಡ್ರೈವ್ ಹಾದುಹೋಗುವ ಆ ಕಂಪ್ಯೂಟರಿನಿಂದ ಮರಳಿ ತಂದದ್ದನ್ನು ಮನೆಯ ಕಂಪ್ಯೂಟರಿಗೆ ಚುಚ್ಚಿದಾಗ ಕೆಲವೊಮ್ಮೆ ಫೋಲ್ಡರ್‌ಗಳೆಲ್ಲ ಮಾಯವಾಗಿರುತ್ತವೆ. ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು, ಪ್ರತಿಯೊಂದರ ಮೂಲೆಯಲ್ಲೂ ಪುಟ್ಟ ಬಾಣದ ಗುರುತು. ಆ್ಯಂಟಿವೈರಸ್ ನೆನಪಾಗುವುದು ಆಗಲೇ. ಯಾವ ಕಂಪನಿಯದು ತರಬೇಕು ಎಂದು ಕೇಳುವ ಮೊದಲು, ವೈರಸ್ ನಿಮ್ಮ ಮನೆಗೆ ಯಾವ ಬಾಗಿಲಿನಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ದುಡ್ಡು ಉಳಿಯುವುದೂ ಕಡತ ಉಳಿಯುವುದೂ ಅಲ್ಲೇ.

ಮನೆಯಲ್ಲಿರುವುದನ್ನು ಮೊದಲು ಪರೀಕ್ಷಿಸಿ

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆ್ಯಂಟಿವೈರಸ್ ಒಳಗೇ ಇರುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ, ವರ್ಷ ವರ್ಷ ನವೀಕರಿಸಬೇಕಿಲ್ಲ. ಬ್ರೌಸಿಂಗ್, ಬ್ಯಾಂಕಿನ ಕೆಲಸ, ಮಕ್ಕಳ ಓದು ಇಷ್ಟಕ್ಕೇ ಕಂಪ್ಯೂಟರ್ ಬಳಸುವ ಮನೆಗೆ ಅದು ಸಾಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದು ನಿಜವಾಗಿ ಎಚ್ಚರವಾಗಿದೆಯೇ ಎಂದು ನೋಡಿಕೊಳ್ಳಬೇಕು.

ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಹುಡುಕಿ ತೆರೆಯಿರಿ. 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್' ಇದೆ. ಅಲ್ಲಿ ರಿಯಲ್ ಟೈಮ್ ಪ್ರೊಟೆಕ್ಷನ್, ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಈ ಮೂರೂ ಆನ್ ಇರಬೇಕು. ಹಿಂದಿನ ಪುಟಕ್ಕೆ ಬಂದು 'ಪ್ರೊಟೆಕ್ಷನ್ ಅಪ್‌ಡೇಟ್ಸ್' ಕೆಳಗಿನ ದಿನಾಂಕ ನೋಡಿ. ಎರಡು ಮೂರು ದಿನಕ್ಕಿಂತ ಹಳೆಯದಿದ್ದರೆ ಏನೋ ಅಡ್ಡಿಯಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಂಪ್ಯೂಟರ್ ನಡೆಸುವ ಮನೆಗಳಲ್ಲಿ ಸಂಪರ್ಕಕ್ಕೆ 'ಮೀಟರ್ಡ್' (ಡೇಟಾಗೆ ಮಿತಿಯಿದೆ) ಎಂಬ ಗುರುತು ಬಿದ್ದು ಅಪ್‌ಡೇಟ್ ತಡೆಯಾಗುವುದುಂಟು. ಅಂಥವರು ವಾರಕ್ಕೊಮ್ಮೆಯಾದರೂ 'ಚೆಕ್ ಫಾರ್ ಅಪ್‌ಡೇಟ್ಸ್' ತಾವೇ ಒತ್ತಬೇಕು. ಬಳಿಕ 'ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್' ತೆರೆದು, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ಉಚಿತ ಸಾಫ್ಟ್‌ವೇರ್‌ಗಳ ಬೆನ್ನಿಗೆ ಅಂಟಿಕೊಂಡು ಬರುವ ಕಸವನ್ನು ತಡೆಯುವುದು ಅದೇ.

ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿ ಬೇರೆ ಕಂಪನಿಯ ಟ್ರಯಲ್ ಆ್ಯಂಟಿವೈರಸ್ ಹೆಸರು ಕಾಣಬಹುದು. ಅದು ಇರುವತನಕ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅವಧಿ ಮುಗಿದ ಟ್ರಯಲನ್ನು ಹಾಗೇ ಬಿಡಬೇಡಿ. ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಆನ್ ಆಗಿದೆಯೇ ಎಂದು ಮತ್ತೆ ನೋಡಿ. ಸರಿಯಾಗಿ ಹೋಗದಿದ್ದರೆ ಆಯಾ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಬಳಸಬೇಕು. ಎರಡು ಆ್ಯಂಟಿವೈರಸ್ ಇದ್ದರೆ ಎರಡು ಪಟ್ಟು ರಕ್ಷಣೆ ಎಂಬುದು ತಪ್ಪು ಲೆಕ್ಕ. ನೀವು ಒಂದು ಕಡತ ತೆರೆದರೆ ಎರಡೂ ಅದರ ಮೇಲೆ ಬೀಳುತ್ತವೆ, ಕಂಪ್ಯೂಟರ್ ಉಸಿರುಗಟ್ಟಿ ನಿಲ್ಲುತ್ತದೆ.

ಹಳೆಯ ವಿಂಡೋಸ್, ಕ್ರ್ಯಾಕ್ ವಿಂಡೋಸ್

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ, ಅಂದರೆ ಮಾಮೂಲಿ ಸುರಕ್ಷಾ ಅಪ್‌ಡೇಟ್, ನಿಂತದ್ದು 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ವಿಂಡೋಸ್ 10 ಮನೆ ಬಳಕೆದಾರರಿಗೆ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ ಯೋಜನೆಯೊಂದನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಲಾಯಿತು. ಅದಕ್ಕೆ ನೋಂದಾಯಿಸಬೇಕಾದದ್ದು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ. ವಿಂಡೋಸ್‌ನದೇ ಬಿರುಕುಗಳನ್ನು ಯಾವ ಆ್ಯಂಟಿವೈರಸ್ಸೂ ಮುಚ್ಚಲಾರದು. ಹಳೆಯ ವಿಂಡೋಸ್ ಮೇಲೆ ದುಬಾರಿ ಆ್ಯಂಟಿವೈರಸ್ ಹಾಕುವುದೆಂದರೆ ಗೋಡೆ ಬಿದ್ದ ಮನೆಯ ಬಾಗಿಲಿಗೆ ದೊಡ್ಡ ಕೀಲಿ ಹಾಕಿದಂತೆ.

ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಕಳ್ಳದಾರಿಯಲ್ಲಿ ಹಾಕಿಸಿಕೊಂಡ ವಿಂಡೋಸ್ ಇದ್ದವರು ಒಂದು ಜಾಗವನ್ನು ತಪ್ಪದೇ ನೋಡಬೇಕು. ಅಂಥ ವಿಂಡೋಸನ್ನು ಅಸಲಿಯಂತೆ ತೋರಿಸುವ ಕಳ್ಳ ಆ್ಯಕ್ಟಿವೇಟರ್‌ಗಳನ್ನು ಓಡಿಸುವಾಗ ಆ್ಯಂಟಿವೈರಸ್ ಆಫ್ ಮಾಡಿಸುತ್ತಾರೆ, ಇಲ್ಲವೇ ಆ ಫೋಲ್ಡರನ್ನು ಮುಟ್ಟಬೇಡ ಎಂದು ಡಿಫೆಂಡರ್‌ಗೆ ಹೇಳಿಡುತ್ತಾರೆ. ಮೊದಲು ಹೇಳಿದ 'ಮ್ಯಾನೇಜ್ ಸೆಟ್ಟಿಂಗ್ಸ್' ಪುಟದ ತಳದಲ್ಲಿ 'ಎಕ್ಸ್‌ಕ್ಲೂಶನ್ಸ್' ಎಂದಿದೆ. ತೆರೆದಾಗ ನೀವು ಸೇರಿಸದ ಫೋಲ್ಡರ್, ಅಥವಾ ಇಡೀ ಸಿ ಡ್ರೈವ್ ಅಲ್ಲಿದ್ದರೆ ತೆಗೆದುಹಾಕಿ. ಮೇಲೆ ಹಸಿರು ಗುರುತು ತೋರುತ್ತಲೇ ಒಳಗೆ ಬಾಗಿಲು ತೆರೆದಿರುವುದು ಹೀಗೆ. ತೆಗೆದ ಬಳಿಕ 'ಸ್ಕ್ಯಾನ್ ಆಪ್ಶನ್ಸ್' ಒಳಗಿನ ಆಫ್‌ಲೈನ್ ಸ್ಕ್ಯಾನ್ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ತೆರೆದಿಟ್ಟ ಕೆಲಸವನ್ನು ಮೊದಲೇ ಸೇವ್ ಮಾಡಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಮಾಡಿ.

ಯಾರು ಕೊಳ್ಳಬೇಕು, ಹೇಗೆ ಆರಿಸಬೇಕು

ದಿನಾ ಹೊರಗಿನ ಪೆನ್‌ಡ್ರೈವ್ ಬರುವ ಮನೆ, ಮನೆಯಲ್ಲೇ ಅಂಗಡಿ ಲೆಕ್ಕವೋ ಒಣದ್ರಾಕ್ಷಿ ವ್ಯಾಪಾರದ ಖಾತೆಯೋ ಇರುವ ಕಂಪ್ಯೂಟರ್, ತೊಂದರೆಯಾದರೆ ಫೋನಿನಲ್ಲಿ ಮಾತಾಡಿ ಬಗೆಹರಿಸುವವರು ಬೇಕೆನ್ನುವವರು: ಇವರಿಗೆ ಹಣ ಕೊಟ್ಟು ಕೊಳ್ಳುವುದರಲ್ಲಿ ಅರ್ಥವಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವು. ವಿದೇಶದವೂ ಬೇಕಾದಷ್ಟಿವೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಸ್ಕ್ಯಾನ್ ಮಾಡುವ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ.

ಪೆಟ್ಟಿಗೆಯ ಮೇಲಿನ ನಕ್ಷತ್ರ, ಪದಕ ನೋಡಿ ಮರುಳಾಗಬೇಡಿ. ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೇಟಿವ್ಸ್ ಎಂಬ ಪ್ರಯೋಗಾಲಯಗಳು ಪರೀಕ್ಷೆ ನಡೆಸಿ ಫಲಿತಾಂಶವನ್ನು ಉಚಿತವಾಗಿ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆಗೆ 6, ವೇಗಕ್ಕೆ 6, ಬಳಕೆಗೆ 6, ಹೀಗೆ 18 ಅಂಕ ಇಟ್ಟಿದೆ. ಬಳಕೆಯ ಅಂಕದಲ್ಲಿ ತೂಗುವುದು ಸುಳ್ಳು ಎಚ್ಚರಿಕೆಗಳನ್ನು. ಒಳ್ಳೆಯ ಕಡತವನ್ನು ವೈರಸ್ ಎಂದು ಎತ್ತಿಹಾಕುವ ಆ್ಯಂಟಿವೈರಸ್ ಕೂಡ ಕಾಟವೇ. ಒಂದೇ ಸಲದ ಫಲಿತಾಂಶ ಸಾಲದು, ಹಿಂದಿನ ಮೂರ್ನಾಲ್ಕು ಸುತ್ತುಗಳಲ್ಲೂ ಚೆನ್ನಾಗಿ ಮಾಡಿದೆಯೇ ನೋಡಿ. 4 ಜಿಬಿ ರ್‍ಯಾಮ್‌ನ ಹಳೆಯ ಕಂಪ್ಯೂಟರ್ ಇದ್ದವರು ವೇಗದ ಅಂಕವನ್ನು ಹೆಚ್ಚು ಗಮನಿಸಬೇಕು.

ಬೆಳಗಾವಿಯ ಖಡೇಬಜಾರಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಎಷ್ಟು ಕಂಪ್ಯೂಟರಿಗೆ, ಎಷ್ಟು ವರ್ಷಕ್ಕೆ ಎಂಬುದನ್ನು ಓದಿ, ಬಿಲ್ ತೆಗೆದುಕೊಳ್ಳಿ. ಕೀ ನೋಂದಾಯಿಸುವಾಗ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಹಾಕಿಸಿ. ಹಾಕಿಕೊಟ್ಟವರ ಸಂಖ್ಯೆ ಹಾಕಿದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕುವ ದಿನ ಓಟಿಪಿಗಾಗಿ ಅವರ ಹಿಂದೆ ಅಲೆಯಬೇಕಾಗುತ್ತದೆ. ಮೊದಲ ವರ್ಷದ ರಿಯಾಯಿತಿ ಮುಂದಿನ ವರ್ಷ ಇರುವುದಿಲ್ಲ, ನವೀಕರಣದ ದರವನ್ನೂ ಈಗಲೇ ಕೇಳಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಯಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ 24 ಗಂಟೆ ಮೊದಲು ಸಂದೇಶ ಬರುತ್ತದೆ. ಬೇಡವಾದರೆ ರದ್ದುಮಾಡಲು ಅದೇ ಸಮಯ.

'ಪಿಸಿ ಕ್ಲೀನರ್', 'ಸ್ಪೀಡ್ ಬೂಸ್ಟರ್' ಸೇರಿದೆ ಎಂದು ಹೆಚ್ಚು ಹಣ ಕೊಡಬೇಡಿ. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ, ಫ್ಯಾನಿಗೆ ಧೂಳು ಕಟ್ಟಿದ ಲ್ಯಾಪ್‌ಟಾಪ್ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೆ ಧೂಳು ತೆಗೆಸಬೇಕು. ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಬೂಸ್ಟರೂ ಕೊಡದ ವೇಗ ಸಿಗುತ್ತದೆ.

ಶಾರ್ಟ್‌ಕಟ್ ಆದ ಪೆನ್‌ಡ್ರೈವ್

ಬಾಣದ ಗುರುತಿನ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಲೇಬೇಡಿ. ವೈರಸ್ ಓಡುವುದೇ ಆ ಕ್ಲಿಕ್ಕಿನಿಂದ. ಫೋಲ್ಡರ್ ತೆರೆದುಕೊಳ್ಳುವುದರಿಂದ ಏನೂ ಆಗಿಲ್ಲ ಎನಿಸುತ್ತದೆ, ಅಷ್ಟರಲ್ಲಿ ಅದು ಕಂಪ್ಯೂಟರಿಗೆ ಇಳಿದಿರುತ್ತದೆ. ನಿಮ್ಮ ಕಡತಗಳು ಅಳಿಸಿಹೋಗಿರುವುದಿಲ್ಲ, ಬಚ್ಚಿಟ್ಟಿರುತ್ತವೆ.

'ದಿಸ್ ಪಿಸಿ'ಯಲ್ಲಿ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ. ವಿಂಡೋಸ್ 11ರಲ್ಲಿ ಅದು 'ಶೋ ಮೋರ್ ಆಪ್ಶನ್ಸ್' ಒಳಗೂ ಇರಬಹುದು. ಬಳಿಕ ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ', ಅದರೊಳಗಿನ 'ಶೋ', ಅಲ್ಲಿ 'ಹಿಡನ್ ಐಟಮ್ಸ್' ಮತ್ತು 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎರಡಕ್ಕೂ ಟಿಕ್ ಹಾಕಿ. ಆಗಲೂ ಕಾಣದಿದ್ದರೆ 'ಆಪ್ಶನ್ಸ್' ಒಳಗಿನ 'ವ್ಯೂ' ಪಟ್ಟಿಯಲ್ಲಿ, ಆಪರೇಟಿಂಗ್ ಸಿಸ್ಟಂ ಕಡತಗಳನ್ನು ಬಚ್ಚಿಡುವ ಸಾಲಿನ ಟಿಕ್ ತೆಗೆಯಿರಿ. ಮಸುಕಾದ ಫೋಲ್ಡರ್‌ಗಳು ಕಾಣುತ್ತವೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲವೂ ಇರುತ್ತದೆ. ಫೋಲ್ಡರನ್ನೇ ಎತ್ತಿ ತರಬೇಡಿ. ಒಳಹೊಕ್ಕು ಫೋಟೊ, ಪಿಡಿಎಫ್, ವರ್ಡ್ ಕಡತಗಳನ್ನಷ್ಟೇ ಹೊಸ ಫೋಲ್ಡರಿಗೆ ನಕಲು ಮಾಡಿ, ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳು) ಓದಿ. ಪಿಡಿಎಫ್ ಎಂದು ತೋರುವ ಹೆಸರಿನ ಕೊನೆಗೆ ಇಎಕ್ಸ್‌ಇ ಅಥವಾ ವಿಬಿಎಸ್ ಇದ್ದರೆ ಅದು ನಿಮ್ಮದಲ್ಲ. ಎಲ್ಲ ಬಂದಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿಗೆ ಫುಲ್ ಸ್ಕ್ಯಾನ್ ಕೊಡಿ, ತೆಗೆದ ಟಿಕ್ ಮರಳಿ ಹಾಕಿ.

ಪ್ರಿಂಟ್ ಅಂಗಡಿಗೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಬೇರೆ ಇಡಿ. ಬೇಕಾದ ಒಂದೆರಡು ಪಿಡಿಎಫ್ ಮಾತ್ರ ಅದರಲ್ಲಿರಲಿ.

ಪರದೆಯ ಮೂಲೆಯ ಸುಳ್ಳು ಎಚ್ಚರಿಕೆ

'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ' ಎಂದು ಬಲಮೂಲೆಯಲ್ಲಿ ಏಳುವ ಚೀಟಿಗಳಲ್ಲಿ ಬಹಳಷ್ಟು ಯಾವುದೋ ವೆಬ್‌ಸೈಟಿಗೆ ನೀವು 'ಅಲೋ' ಒತ್ತಿದ್ದರ ಫಲ. ಚೀಟಿಯ ಮೇಲೆ ಬ್ರೌಸರಿನ ಹೆಸರೂ ಸೈಟಿನ ವಿಳಾಸವೂ ಸಣ್ಣ ಅಕ್ಷರದಲ್ಲಿ ಇರುತ್ತವೆ. ಕ್ರೋಮ್ ಆದರೆ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಈ ದಾರಿಯಲ್ಲಿ ಹೋಗಿ ಗುರುತಿಲ್ಲದ ಸೈಟುಗಳನ್ನು ತೆಗೆದರೆ ಸಾಕು. ಪರದೆ ತುಂಬಾ ಎಚ್ಚರಿಕೆ ಬಂದು ಫೋನ್ ಸಂಖ್ಯೆ ತೋರಿಸಿದರೆ ಕರೆ ಮಾಡಬೇಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಕರೆ ಮಾಡಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಬ್ಯಾಕಪ್

ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ್‍ಯಾನ್‌ಸಮ್‌ವೇರ್ ಒಮ್ಮೆ ಹೊಕ್ಕರೆ ಆ್ಯಂಟಿವೈರಸ್ ಆ ವೈರಸ್ಸನ್ನು ತೆಗೆದೀತು, ಬೀಗ ಮಾತ್ರ ತೆರೆಯಲಾರದು. ಡಿಫೆಂಡರ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬ ಕಾವಲು ಇದೆ. ಅದನ್ನು ಆನ್ ಮಾಡಿದ ಮೇಲೆ ಅಕೌಂಟ್ಸ್ ಸಾಫ್ಟ್‌ವೇರ್‌ನಂಥವು ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಆಗದಿದ್ದರೆ ಗಾಬರಿ ಬೇಡ, ಅದೇ ಪುಟದಲ್ಲಿ ಆ ಆ್ಯಪ್‌ಗೆ ಅನುಮತಿ ಕೊಡಬಹುದು. ಇದರ ಜೊತೆಗೆ ಹೊರಗಿನ ಹಾರ್ಡ್‌ಡಿಸ್ಕ್ ಒಂದು ಬೇಕೇ ಬೇಕು. ವಾರಕ್ಕೊಮ್ಮೆ ಜೋಡಿಸಿ ನಕಲು ಮಾಡಿ, ನಕಲಾದ ಒಂದೆರಡು ಕಡತ ತೆರೆದು ಓದಿ ನೋಡಿ, ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ.